ಪಾಸ್‌ವರ್ಡ್ ತಿಜೋರಿಗೆ ಎರಡನೇ ಬೀಗದಕೈ: ಬಿಟ್‌ವಾರ್ಡನ್‌ನಲ್ಲಿ ಮನೆಯವರಿಗೆ ತುರ್ತು ಪ್ರವೇಶ ಕೊಡುವ ಬಗೆ

ಶಿವಮೊಗ್ಗದಲ್ಲಿರುವ ನನ್ನ ಸೋದರಮಾವ ಒಂದು ಬೆಳಗಿನ ಜಾವ ಬಚ್ಚಲುಮನೆಯಲ್ಲಿ ಕುಸಿದು ಬಿದ್ದರು. ಹನ್ನೊಂದು ದಿನ ಐಸಿಯುನಲ್ಲಿದ್ದರು. ಅಷ್ಟೂ ದಿನ ಅವರ ಫೋನ್ ಅತ್ತೆಯ ಕೈಯಲ್ಲೇ ಇತ್ತು, ಅದರೊಳಗೆ ಹೋಗುವ ದಾರಿ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಡ್ರಿಪ್ ಹಾಕಿ ಊದಿಕೊಂಡಿದ್ದ ಮಾವನ ಹೆಬ್ಬೆರಳನ್ನು ಅತ್ತೆ ಒದ್ದೆ ಹತ್ತಿಯಿಂದ ಒರೆಸಿ ಫೋನಿನ ಮೇಲೆ ಒತ್ತಿ ನೋಡಿದರು. ಚಾರ್ಜ್ ಮುಗಿದು ಆರಿಹೋಗಿ ಮತ್ತೆ ಆನ್ ಆದ ಫೋನ್ ಬೆರಳನ್ನು ಒಪ್ಪುವುದಿಲ್ಲ, ಮೊದಲು ಪಿನ್ ಕೇಳುತ್ತದೆ. ಪಿನ್ ಗೊತ್ತಿದ್ದದ್ದು ಹಾಸಿಗೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದವರಿಗೆ. ಆರೋಗ್ಯ ವಿಮೆಯ ಪಾಲಿಸಿ ನಂಬರ್ ಕೊನೆಗೂ ಸಿಕ್ಕಿದ್ದು ಹಿಂದಿನ ವರ್ಷದ ಪಂಚಾಂಗದೊಳಗೆ ಮಡಚಿಟ್ಟಿದ್ದ ಒಂದು ರಸೀದಿಯಲ್ಲಿ.

ಮಾವ ಗುಣವಾಗಿ ಮನೆಗೆ ಬಂದರು. ಅವರು ಎಚ್ಚರಗೇಡಿಯಲ್ಲ. ಪ್ರತಿ ಖಾತೆಗೂ ಬೇರೆ ಬೇರೆ ಉದ್ದದ ಪಾಸ್‌ವರ್ಡ್ ಇಟ್ಟು ಎಲ್ಲವನ್ನೂ ಬಿಟ್‌ವಾರ್ಡನ್ ಎಂಬ, ಪಾಸ್‌ವರ್ಡ್‌ಗಳನ್ನು ಕೂಡಿಡುವ ತಿಜೋರಿಯಂಥ ಆ್ಯಪ್‌ನಲ್ಲಿ ಜೋಡಿಸಿಟ್ಟಿದ್ದರು. ಅದನ್ನು ಕಲಿಸಿದವನು ನಾನು. ಕಳ್ಳರಿಗೆಂದು ಹಾಕಿದ ಬೀಗ ಮನೆಯವರಿಗೂ ಬೀಳುತ್ತದೆ ಅನ್ನುವುದು ಅವತ್ತು ನನಗೆ ಹೊಳೆದಿರಲಿಲ್ಲ. ಬಿಟ್‌ವಾರ್ಡನ್‌ನಲ್ಲಿ ಇದಕ್ಕೆಂದೇ ‘ಎಮರ್ಜೆನ್ಸಿ ಆಕ್ಸೆಸ್’ ಅನ್ನುವ ಸೌಲಭ್ಯವಿದೆ. ಅವರು ಚೇತರಿಸಿಕೊಂಡ ಮೇಲೆ ಒಂದು ಭಾನುವಾರ ಅವರ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅದನ್ನು ಹೊಂದಿಸಿದೆವು. ಅವತ್ತು ಮಾಡಿದ್ದನ್ನು ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಇದು ಕೆಲಸ ಮಾಡುವುದು ಹೇಗೆ

ನೀವು ನಂಬುವ ಒಬ್ಬರನ್ನು ಮೊದಲೇ ತುರ್ತು ಸಂಪರ್ಕ ಎಂದು ಹೆಸರಿಸುತ್ತೀರಿ. ಬೇಕಾದಾಗ ಅವರು ತಮ್ಮ ಖಾತೆಯಿಂದ ಪ್ರವೇಶ ಕೇಳುತ್ತಾರೆ. ಆ ಕ್ಷಣವೇ ನಿಮಗೆ ಇಮೇಲ್ ಬರುತ್ತದೆ. ನೀವು ಒಪ್ಪಿದರೆ ಬಾಗಿಲು ತಕ್ಷಣ ತೆರೆಯುತ್ತದೆ, ಬೇಡವೆಂದರೆ ಅಲ್ಲಿಗೇ ನಿಲ್ಲುತ್ತದೆ. ನಿಮ್ಮಿಂದ ಯಾವ ಉತ್ತರವೂ ಬರದಿದ್ದರೆ, ನೀವೇ ಮುಂಚೆ ಗೊತ್ತು ಮಾಡಿದಷ್ಟು ದಿನ ಕಾದು ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಹೀಗಾಗಿ ಬದುಕಿ ಚೆನ್ನಾಗಿರುವಾಗ ನಿಮ್ಮ ಮಾಸ್ಟರ್ ಪಾಸ್‌ವರ್ಡನ್ನು, ಅಂದರೆ ಇಡೀ ತಿಜೋರಿ ತೆರೆಯುವ ಪಾಸ್‌ವರ್ಡನ್ನು, ಯಾರಿಗೂ ಹೇಳಬೇಕಾಗಿಲ್ಲ.

ಕಂಪನಿಯವರ ಕೈಯಲ್ಲಿ ನಿಮ್ಮ ಬೀಗದಕೈ ಇರುವುದಿಲ್ಲ. ನೀವು ಸಂಪರ್ಕವನ್ನು ಖಚಿತಪಡಿಸಿದಾಗ ನಿಮ್ಮ ತಿಜೋರಿಯ ಕೀಲಿ ಆ ವ್ಯಕ್ತಿಯ ಸಾರ್ವಜನಿಕ ಕೀಲಿಯಿಂದ (ಇದರಿಂದ ಬೀಗ ಹಾಕಬಹುದು, ತೆಗೆಯಲಾಗದು) ಗೂಢಲಿಪಿಗೆ ಒಳಗಾಗಿ ಸರ್ವರ್‌ನಲ್ಲಿ ಕೂರುತ್ತದೆ. ಅದನ್ನು ಬಿಡಿಸಬಲ್ಲ ಖಾಸಗಿ ಕೀಲಿ ಇರುವುದು ಅವರ ಖಾತೆಯೊಂದರಲ್ಲೇ. ಆದ್ದರಿಂದಲೇ ಈ ಏರ್ಪಾಟನ್ನು ಮೊದಲೇ ಮಾಡಿರಬೇಕು. ಅವಘಡವಾದ ಮೇಲೆ ಮರಣ ಪ್ರಮಾಣಪತ್ರ ಹಿಡಿದು ಬೇಡಿಕೊಂಡರೂ ಕಂಪನಿಯವರಿಂದ ತೆರೆದುಕೊಡಲು ಆಗುವುದಿಲ್ಲ.

ಶುರುಮಾಡುವ ಮೊದಲು ಬೇಕಾದದ್ದು

ಪ್ರವೇಶ ಕೊಡುವವರ ಖಾತೆ ಪ್ರೀಮಿಯಂ, ಅಂದರೆ ಹಣ ಕಟ್ಟಿ ಪಡೆದದ್ದು, ಆಗಿರಬೇಕು. ಕುಟುಂಬದ ಪ್ಲಾನ್ ಇದ್ದರೆ ಪ್ರೀಮಿಯಂ ಅದರೊಳಗೇ ಸೇರಿರುತ್ತದೆ. ಪಡೆಯುವವರಿಗೆ ಉಚಿತ ಖಾತೆಯೇ ಸಾಕು. ಮುಂದೊಂದು ದಿನ ಪ್ರೀಮಿಯಂ ನವೀಕರಿಸದೆ ಬಿಟ್ಟರೂ ಈಗಾಗಲೇ ಸೇರಿಸಿದ ಸಂಪರ್ಕಗಳು ಪ್ರವೇಶ ಕೇಳಬಹುದು. ಹೊಸಬರನ್ನು ಸೇರಿಸಲು ಮಾತ್ರ ಬರುವುದಿಲ್ಲ.

ಇಬ್ಬರ ಖಾತೆಯೂ ಒಂದೇ ಪ್ರದೇಶದ ಸರ್ವರ್‌ನಲ್ಲಿರಬೇಕು. ಬಿಟ್‌ವಾರ್ಡನ್‌ಗೆ ಅಮೆರಿಕದ ಸರ್ವರ್ ಒಂದು, ಯುರೋಪಿನದು ಇನ್ನೊಂದು. ಮಾವನ ಮಗಳು ಜರ್ಮನಿಯಲ್ಲಿದ್ದಾಳೆ, ಅವಳ ಖಾತೆ ಡಾಟ್ ಇಯು ವಿಳಾಸದಲ್ಲಿತ್ತು, ಮಾವನದು ಡಾಟ್ ಕಾಮ್‌ನಲ್ಲಿ. ಅದನ್ನು ಮೊದಲು ನೋಡದೆ ಅರ್ಧ ಗಂಟೆ ಕಳೆದೆವು. ಅವಳು ಡಾಟ್ ಕಾಮ್‌ನಲ್ಲಿ ಇನ್ನೊಂದು ಉಚಿತ ಖಾತೆ ತೆರೆದ ಮೇಲೆ ಸರಿಹೋಯಿತು. ಮಕ್ಕಳು ಯುರೋಪಿನಲ್ಲಿರುವ ಮನೆಗಳವರು ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಮತ್ತೊಂದು ಮಾತು. ಈ ಕೆಲಸ ಮೊಬೈಲ್ ಆ್ಯಪ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಬ್ರೌಸರ್‌ನಲ್ಲಿ ವೆಬ್ ವಾಲ್ಟ್‌ಗೆ, ಅಂದರೆ ಬಿಟ್‌ವಾರ್ಡನ್ ವೆಬ್‌ಸೈಟಿನಲ್ಲಿರುವ ನಿಮ್ಮ ತಿಜೋರಿಗೆ, ಲಾಗಿನ್ ಆಗಬೇಕು.

ಯಾರನ್ನು ಹೆಸರಿಸಬೇಕು

ಮಾವ ಮೊದಲು ಹೇಳಿದ್ದು ನನ್ನ ಹೆಸರು. ‘ಕಂಪ್ಯೂಟರ್ ಗೊತ್ತಿರೋದು ನಿನಗೇ ಅಲ್ವೇನೋ’ ಅಂದರು. ನಾನು ಒಪ್ಪಲಿಲ್ಲ. ಕಂಪ್ಯೂಟರ್ ಗೊತ್ತಿರುವುದು ಇಲ್ಲಿ ಅರ್ಹತೆಯೇ ಅಲ್ಲ. ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್ ಮುಂದೆ ನಿಲ್ಲುವವರು ಯಾರು, ನಾಳೆ ಬ್ಯಾಂಕಿಗೆ ಕಾಗದಪತ್ರ ಹಿಡಿದು ಹೋಗುವವರು ಯಾರು, ಅವರಿಗೆ ಬೀಗದಕೈ ಸಿಗಬೇಕು. ತಂತ್ರಜ್ಞಾನ ಗೊತ್ತಿರುವ ಅಳಿಯನೋ ಸೋದರಳಿಯನೋ ಪಕ್ಕದಲ್ಲಿ ಕೂತು ಸಹಾಯ ಮಾಡಿದರೆ ಸಾಕು.

ಒಬ್ಬರನ್ನೇ ನೆಚ್ಚಿಕೊಳ್ಳಬೇಡಿ. ಗಂಡ ಹೆಂಡತಿ ಒಂದೇ ಕಾರಿನಲ್ಲಿ ಪ್ರಯಾಣ ಮಾಡುತ್ತಾರೆ. ನಾವು ಅತ್ತೆಯನ್ನೂ ಮಗಳನ್ನೂ ಸೇರಿಸಿದೆವು. ಪ್ರತಿಯೊಬ್ಬರಿಗೂ ಬೇರೆ ಬೇರೆ ಅಧಿಕಾರ, ಬೇರೆ ಬೇರೆ ಕಾಯುವ ಅವಧಿ ಕೊಡಬಹುದು.

ಮೊದಲ ಹೆಜ್ಜೆ: ಆಹ್ವಾನ

ವೆಬ್ ವಾಲ್ಟ್‌ನಲ್ಲಿ ‘ಸೆಟ್ಟಿಂಗ್ಸ್’ ತೆರೆದು ‘ಎಮರ್ಜೆನ್ಸಿ ಆಕ್ಸೆಸ್’ಗೆ ಹೋಗಿ. ‘ಆ್ಯಡ್ ಎಮರ್ಜೆನ್ಸಿ ಕಾಂಟ್ಯಾಕ್ಟ್’ ಒತ್ತಿದರೆ ಮೂರು ಸಂಗತಿ ಕೇಳುತ್ತದೆ: ಅವರ ಇಮೇಲ್ ವಿಳಾಸ, ಕೊಡುವ ಅಧಿಕಾರ, ಕಾಯುವ ದಿನಗಳು. ಅವರಿಗೆ ಈಗಾಗಲೇ ಬಿಟ್‌ವಾರ್ಡನ್ ಖಾತೆಯಿದ್ದರೆ ಅದರಲ್ಲಿರುವ ಇಮೇಲನ್ನೇ ಕೊಡಿ. ಉಳಿದೆರಡು ಆಯ್ಕೆಗಳನ್ನು ಅವಸರದಲ್ಲಿ ಒತ್ತಿಬಿಡಬೇಡಿ, ನಿಜವಾದ ನಿರ್ಧಾರ ಅಲ್ಲೇ ಇರುವುದು.

ಅಧಿಕಾರದಲ್ಲಿ ಎರಡು ಬಗೆ. ‘ವ್ಯೂ’ ಅಂದರೆ ನಿಮ್ಮ ತಿಜೋರಿಯಲ್ಲಿರುವುದನ್ನು ಪಾಸ್‌ವರ್ಡ್ ಸಮೇತ ನೋಡಬಹುದು, ಬದಲಿಸಲು ಆಗದು. ‘ಟೇಕ್‌ಓವರ್’ ಅಂದರೆ ನಿಮ್ಮ ಖಾತೆಗೆ ಅವರು ಹೊಸ ಮಾಸ್ಟರ್ ಪಾಸ್‌ವರ್ಡ್ ಇಟ್ಟು ಅದನ್ನು ತಮ್ಮ ಕೈಗೆ ತೆಗೆದುಕೊಳ್ಳುವುದು. ಆಗ ನಿಮ್ಮ ಹಳೆಯ ಮಾಸ್ಟರ್ ಪಾಸ್‌ವರ್ಡ್ ಕೆಲಸಕ್ಕೆ ಬರುವುದಿಲ್ಲ, ಖಾತೆಗೆ ಹಾಕಿದ್ದ ಎರಡು ಹಂತದ ಲಾಗಿನ್ (ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಪುರಾವೆ ಕೇಳುವುದು) ಕೂಡ ತೆಗೆದುಹೋಗುತ್ತದೆ. ನೀವು ಮಾಲೀಕರಲ್ಲದ ಯಾವುದಾದರೂ ಆರ್ಗನೈಸೇಷನ್‌ನಲ್ಲಿ, ಅಂದರೆ ಕಚೇರಿಯ ಅಥವಾ ಕುಟುಂಬದ ಹಂಚಿಕೆಯ ಗುಂಪಿನಲ್ಲಿ, ಸದಸ್ಯರಾಗಿದ್ದರೆ ಅಲ್ಲಿಂದಲೂ ನಿಮ್ಮ ಹೆಸರು ಹೋಗುತ್ತದೆ.

ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಮನೆಗಳಿಗೆ ‘ವ್ಯೂ’ ಸಾಕು. ಕಾಯಿಲೆ ಬಿದ್ದವರು ಎದ್ದು ಬರುತ್ತಾರೆ. ಬಂದಾಗ ಅವರ ಖಾತೆ ಅವರದಾಗಿಯೇ ಇರಬೇಕು. ಮಾವನಿಗೆ ನಾವು ಮಾಡಿದ್ದು ಹೀಗೆ: ಅತ್ತೆಗೆ ‘ವ್ಯೂ’, ಮಗಳಿಗೆ ‘ಟೇಕ್‌ಓವರ್’. ಮುಂದೆಂದಾದರೂ ಖಾತೆಯನ್ನು ಪೂರ್ತಿ ನಿಭಾಯಿಸಬೇಕಾದ ಹೊತ್ತು ಬಂದರೆ ಅದನ್ನು ಮಗಳು ಮಾಡಲಿ ಎಂದು ಅವರೇ ಹೇಳಿದರು.

ಕಾಯುವ ಅವಧಿಗೆ 1, 2, 7, 14, 30, 90 ದಿನಗಳ ಆಯ್ಕೆಗಳಿವೆ. ಇದನ್ನು ಆರಿಸುವಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ನಿಮಗೇನಾದರೂ ಆದರೆ ಮನೆಯವರು ಎಷ್ಟು ದಿನ ತಡೆದುಕೊಳ್ಳಬಲ್ಲರು? ನೀವು ಚೆನ್ನಾಗಿದ್ದೂ ಇಮೇಲ್ ನೋಡದೆ ಎಷ್ಟು ದಿನ ಇರುತ್ತೀರಿ? ಚಾರ್‌ಧಾಮ್ ಯಾತ್ರೆಗೆ ಹೋದಾಗ ಒಂದು ವಾರ ನೆಟ್‌ವರ್ಕ್ ಸರಿಯಾಗಿ ಸಿಗದಿದ್ದರೆ, ಎರಡು ದಿನದ ಅವಧಿ ನಿಮ್ಮ ಅರಿವಿಲ್ಲದೆ ಮುಗಿದುಹೋಗುತ್ತದೆ. ಒಂದೇ ಮನೆಯಲ್ಲಿರುವ, ಪೂರ್ತಿ ನಂಬುವ ಸಂಗಾತಿಗೆ ಒಂದು ದಿನ ಇಟ್ಟರೆ ತಪ್ಪಿಲ್ಲ. ದೂರದಲ್ಲಿರುವವರಿಗೆ, ಅದರಲ್ಲೂ ಟೇಕ್‌ಓವರ್ ಕೊಡುವಾಗ, ಏಳು ದಿನಕ್ಕಿಂತ ಕಡಿಮೆ ಬೇಡ. ತೊಂಬತ್ತು ದಿನ ಇಟ್ಟರೆ ಆಸ್ಪತ್ರೆಯ ಸಂದರ್ಭಕ್ಕೆ ಅದು ಒದಗುವುದೇ ಇಲ್ಲ.

ಎರಡನೇ ಹೆಜ್ಜೆ: ಒಪ್ಪಿಗೆ

ಆಹ್ವಾನದ ಇಮೇಲ್ ಐದು ದಿನ ಮಾತ್ರ ಚಾಲ್ತಿಯಲ್ಲಿರುತ್ತದೆ. ಕಳಿಸಿ ಸುಮ್ಮನಾಗದೆ ಫೋನ್ ಮಾಡಿ ಹೇಳಿ. ಸ್ಪ್ಯಾಮ್ ಫೋಲ್ಡರ್‌ನಲ್ಲಿ ಬಿದ್ದಿರುವುದೂ ಉಂಟು. ಅವರಿಗೆ ಖಾತೆ ಇಲ್ಲದಿದ್ದರೆ ಆ ಕೊಂಡಿಯಿಂದಲೇ ಹೊಸ ಖಾತೆ ತೆರೆಯಬಹುದು.

ಇಡೀ ಏರ್ಪಾಟು ಮುರಿದುಬೀಳುವುದು ಬಹುತೇಕ ಇಲ್ಲೇ. ನಮ್ಮ ಒತ್ತಾಯಕ್ಕೆ ಅಮ್ಮನೋ ಅತ್ತೆಯೋ ಖಾತೆ ತೆರೆಯುತ್ತಾರೆ, ಮಾಸ್ಟರ್ ಪಾಸ್‌ವರ್ಡ್ ಇಡುತ್ತಾರೆ, ಮರುದಿನದಿಂದ ಅದನ್ನು ಮುಟ್ಟುವುದಿಲ್ಲ. ಎರಡು ವರ್ಷದ ಮೇಲೆ ಬೇಕಾದಾಗ ಅವರಿಗೆ ತಮ್ಮ ಪಾಸ್‌ವರ್ಡೇ ನೆನಪಿರುವುದಿಲ್ಲ. ಅವರು ಒಳಗೆ ಹೋಗದಿದ್ದರೆ ನಿಮ್ಮ ತಿಜೋರಿ ತೆರೆಯುವುದಿಲ್ಲ. ಅವರು ಹಳೆಯ ಖಾತೆ ಅಳಿಸಿ ಅದೇ ಇಮೇಲ್‌ನಲ್ಲಿ ಹೊಸದು ಮಾಡಿಕೊಂಡರೂ ಪ್ರಯೋಜನವಿಲ್ಲ, ಏಕೆಂದರೆ ಹೊಸ ಖಾತೆಯ ಕೀಲಿ ಬೇರೆ. ಮತ್ತೆ ಮೊದಲಿನಿಂದ ಆಹ್ವಾನ ಕಳಿಸಬೇಕು.

ಆದ್ದರಿಂದ ಅವರ ಪಾಸ್‌ವರ್ಡನ್ನು ಕಾಗದದಲ್ಲಿ ಬರೆಸಿ. ಹೌದು, ಕಾಗದದಲ್ಲೇ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಆರಿಸಲಿ, ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಆಗುತ್ತದೆ. ಕನಿಷ್ಠ 12 ಅಕ್ಷರ ಇರಲೇಬೇಕು. ಮನೆದೇವರ ಹೆಸರು, ಮೊಮ್ಮಕ್ಕಳ ಹೆಸರು, ಹುಟ್ಟಿದ ವರ್ಷ ಬೇಡ. ಅತ್ತೆ ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಮನೆಯ ಕ್ರಯಪತ್ರ ಇರುವ ಲಕೋಟೆಯೊಳಗೆ ಇಟ್ಟರು. ಆ ಲಕೋಟೆಯನ್ನು ಅವರು ಎಂದೂ ಕಳೆಯುವುದಿಲ್ಲ. ಜೊತೆಗೆ ಅವರ ಇಮೇಲ್‌ನ ಪಾಸ್‌ವರ್ಡನ್ನೂ ಬರೆದಿಡಿ. ಎರಡು ಹಂತದ ಲಾಗಿನ್ ಇಲ್ಲದ ಖಾತೆಗೆ ಹೊಸ ಕಂಪ್ಯೂಟರಿನಿಂದ ಲಾಗಿನ್ ಆದರೆ ಬಿಟ್‌ವಾರ್ಡನ್ ಇಮೇಲ್‌ಗೆ ಒಂದು ಕೋಡ್ ಕಳಿಸುತ್ತದೆ, ಆ ಇಮೇಲ್ ತೆರೆಯಲಾಗದಿದ್ದರೆ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ.

ಮೂರನೇ ಹೆಜ್ಜೆ: ಐದು ಪದ ಹೋಲಿಸಿ ಖಚಿತಪಡಿಸುವುದು

ಅವರು ಒಪ್ಪಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ನೀವು ಮತ್ತೆ ಎಮರ್ಜೆನ್ಸಿ ಆಕ್ಸೆಸ್ ಪುಟಕ್ಕೆ ಬಂದು, ಅವರ ಹೆಸರಿನ ಮುಂದಿರುವ ಮೂರು ಚುಕ್ಕಿ ಒತ್ತಿ ‘ಕನ್‌ಫರ್ಮ್’ ಮಾಡಬೇಕು. ತುಂಬ ಜನ ಇದನ್ನು ಮರೆಯುತ್ತಾರೆ. ಕನ್‌ಫರ್ಮ್ ಆಗುವವರೆಗೆ ಕೀಲಿ ಹಂಚಿಕೆ ಆಗಿರುವುದಿಲ್ಲ, ಏರ್ಪಾಟು ಬರೀ ಹೆಸರಿಗೆ ಇರುತ್ತದೆ.

ಆಗ ಪರದೆಯ ಮೇಲೆ ಅಡ್ಡಗೆರೆಗಳಿಂದ ಜೋಡಿಸಿದ ಐದು ಇಂಗ್ಲಿಷ್ ಪದಗಳು ಕಾಣುತ್ತವೆ. ಇದು ‘ಫಿಂಗರ್‌ಪ್ರಿಂಟ್ ಫ್ರೇಸ್’. ಪ್ರತಿ ಖಾತೆಗೂ ಅದರದೇ ಐದು ಪದ. ಅದೇ ಪದಗಳು ಆ ವ್ಯಕ್ತಿಯ ವೆಬ್ ವಾಲ್ಟ್‌ನಲ್ಲಿ ‘ಸೆಟ್ಟಿಂಗ್ಸ್’, ‘ಮೈ ಅಕೌಂಟ್’ ಪುಟದಲ್ಲಿ ಇರುತ್ತವೆ. ಎರಡೂ ಒಂದೇ ಆಗಿದ್ದರೆ, ನೀವು ಕೀಲಿ ಕೊಡುತ್ತಿರುವುದು ನಿಜವಾಗಿಯೂ ಅವರ ಖಾತೆಗೇ, ನಡುವೆ ಬೇರೆ ಯಾರೂ ತೂರಿಕೊಂಡಿಲ್ಲ ಅಂತ ಅರ್ಥ.

ಅತ್ತೆ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಕನ್ನಡಕ ಏರಿಸಿಕೊಂಡು ತಮ್ಮ ಫೋನಿನ ಬ್ರೌಸರ್‌ನಲ್ಲಿ ಕಂಡ ಪದಗಳನ್ನು ಉಕ್ತಲೇಖನ ಹೇಳಿಕೊಡುವ ಹಾಗೆ ಒಂದೊಂದಾಗಿ, ಎರಡೆರಡು ಸಲ ಹೇಳಿದರು. ಮಾವ ಲ್ಯಾಪ್‌ಟಾಪ್ ನೋಡುತ್ತಾ ಒಂದೊಂದಕ್ಕೂ ‘ಹ್ಞೂಂ’ ಅಂದರು. ಐದನೆಯದಕ್ಕೆ ‘ಹ್ಞೂಂ, ಸರಿ ಇದೆ’ ಎಂದು ಕನ್‌ಫರ್ಮ್ ಒತ್ತಿದರು. ಮಗಳ ಪದಗಳನ್ನು ವಿಡಿಯೊ ಕಾಲ್‌ನಲ್ಲಿ ಅವಳ ಬಾಯಿಂದಲೇ ಕೇಳಿಕೊಂಡೆವು. ದೂರದಲ್ಲಿರುವವರ ಜೊತೆ ಹೀಗೇ ಮಾಡಿ. ಆಹ್ವಾನ ಹೋದ ಇಮೇಲ್‌ನಲ್ಲೇ ಪದಗಳನ್ನು ತರಿಸಿಕೊಂಡರೆ ಪರೀಕ್ಷೆ ಮಾಡಿದಂತಾಗುವುದಿಲ್ಲ, ಆ ಇಮೇಲೇ ಬೇರೆಯವರ ಕೈಯಲ್ಲಿರಬಹುದು.

ನಾಲ್ಕನೇ ಹೆಜ್ಜೆ: ತಾಲೀಮು

ಇದನ್ನು ಬಿಡಲೇಬೇಡಿ. ಅವತ್ತೇ, ಎಲ್ಲರೂ ನೆಮ್ಮದಿಯಾಗಿ ಕೂತಿರುವಾಗಲೇ, ಒಂದು ಸಲ ನಿಜವಾಗಿ ಮಾಡಿ ನೋಡಿ.

ಅತ್ತೆಯ ಕೈಯಲ್ಲೇ ಮಾಡಿಸಿದೆ. ಅವರ ವೆಬ್ ವಾಲ್ಟ್‌ನ ಎಮರ್ಜೆನ್ಸಿ ಆಕ್ಸೆಸ್ ಪುಟದಲ್ಲಿ, ಕೆಳಗಿನ ಭಾಗದಲ್ಲಿ, ಅವರನ್ನು ಸಂಪರ್ಕವಾಗಿ ಹೆಸರಿಸಿದವರ ಪಟ್ಟಿ ಇರುತ್ತದೆ. ಮಾವನ ಹೆಸರಿನ ಮುಂದಿನ ಮೂರು ಚುಕ್ಕಿ ಒತ್ತಿ ‘ರಿಕ್ವೆಸ್ಟ್ ಆಕ್ಸೆಸ್’ ಆರಿಸಿದರು. ಮಾವನಿಗೆ ಇಮೇಲ್ ಬಂತು. ಮೊದಲ ಸಲ ಅವರು ನಿರಾಕರಿಸಿದರು, ನಿರಾಕರಣೆ ಕೆಲಸ ಮಾಡುತ್ತದೆ ಎಂದು ತಿಳಿಯಲಿ ಅಂತ. ಎರಡನೇ ಸಲ ಒಪ್ಪಿದರು. ಅತ್ತೆ ತಮ್ಮ ಫೋನಿನಲ್ಲಿ ಮಾವನ ಪಟ್ಟಿ ತೆರೆದು, ಅದರಲ್ಲಿ ವಿಮೆಯ ಪಾಲಿಸಿ ನಂಬರನ್ನು ತಾವೇ ಹುಡುಕಿ ಓದಿದರು. ಆಮೇಲೆ ಮಾವ ತಮ್ಮ ಕಡೆಯಿಂದ ‘ರಿಜೆಕ್ಟ್’ ಒತ್ತಿ ಆ ಪ್ರವೇಶ ಮುಚ್ಚಿದರು. ಒಮ್ಮೆ ಒಪ್ಪಿದ ಪ್ರವೇಶವನ್ನು ಹೀಗೆ ಹಿಂದಕ್ಕೆ ಪಡೆಯಬಹುದು, ಸಂಪರ್ಕ ಮಾತ್ರ ಹಾಗೇ ಉಳಿಯುತ್ತದೆ. ಟೇಕ್‌ಓವರ್ ಕೊಟ್ಟವರ ಜೊತೆ ತಾಲೀಮು ಮಾಡುವಾಗ ಒಪ್ಪಿಗೆಯವರೆಗೆ ಮಾತ್ರ ಹೋಗಿ ನಿಲ್ಲಿ, ಹೊಸ ಪಾಸ್‌ವರ್ಡ್ ಇಡಬೇಡಿ.

ಪಾಸ್‌ವರ್ಡ್ ಸಿಕ್ಕಿದರೂ ತೆರೆಯದ ಬಾಗಿಲುಗಳು

ನಮ್ಮ ದೇಶದಲ್ಲಿ ಪಾಸ್‌ವರ್ಡ್ ಅರ್ಧ ಬೀಗದಕೈ. ಉಳಿದರ್ಧ ಓಟಿಪಿ, ಅದು ಬರುವುದು ಸಿಮ್‌ಗೆ. ಅದಕ್ಕೆ ಫೋನಿನ ಪಿನ್ ಸಂಗಾತಿಗೆ ಗೊತ್ತಿರಲಿ. ಇದೊಂದನ್ನು ತಿಜೋರಿಯೊಳಗೆ ಇಡುವುದಕ್ಕಿಂತ ಬಾಯಲ್ಲೇ ಹೇಳಿಬಿಡುವುದು ಒಳ್ಳೆಯದು. ಸಿಮ್‌ಗೇ ಪಿನ್ ಹಾಕಿರದಿದ್ದರೆ ಅದನ್ನು ಬೇರೆ ಫೋನಿಗೆ ಹಾಕಿ ಓಟಿಪಿ ನೋಡಬಹುದು. ಇ-ಸಿಮ್ ಆದರೆ ಆ ದಾರಿಯೂ ಇಲ್ಲ. ಸಿಮ್ ಬದುಕಿರಬೇಕು ಅನ್ನುವುದೂ ಮುಖ್ಯ. 90 ದಿನ ಕರೆ, ಎಸ್‌ಎಂಎಸ್, ಡೇಟಾ ಯಾವುದಕ್ಕೂ ಬಳಸದ ಪ್ರೀಪೇಯ್ಡ್ ನಂಬರನ್ನು ಕಂಪನಿಗಳು ಕಡಿತ ಮಾಡಬಹುದು. ಯಾರಾದರೂ ತೀರಿಕೊಂಡ ಮನೆಯಲ್ಲಿ ‘ಇನ್ನು ಈ ನಂಬರ್ ಯಾಕೆ’ ಎಂದು ರೀಚಾರ್ಜ್ ನಿಲ್ಲಿಸುತ್ತಾರೆ. ಖಾತೆಗಳ ಕೆಲಸವೆಲ್ಲ ಮುಗಿಯುವವರೆಗೆ ನಿಲ್ಲಿಸಬೇಡಿ.

ಜಿಮೇಲ್‌ನಂಥ ಖಾತೆಗಳಿಗೆ ಎರಡನೇ ಹಂತ ಹಾಕಿದ್ದರೆ, ಅವು ಕೊಡುವ ಬ್ಯಾಕಪ್ ಕೋಡ್‌ಗಳನ್ನು ಆಯಾ ಖಾತೆಯ ‘ನೋಟ್ಸ್’ ಭಾಗದಲ್ಲಿ ಹಾಕಿಡಿ. ಮುಖ್ಯ ಇಮೇಲ್ ವಿಷಯದಲ್ಲಂತೂ ಇದು ಬೇಕೇ ಬೇಕು, ಮಿಕ್ಕ ಎಲ್ಲ ಖಾತೆಗಳ ಪಾಸ್‌ವರ್ಡ್ ಬದಲಿಸುವ ದಾರಿ ಅದರ ಮೂಲಕವೇ ಹಾದುಹೋಗುತ್ತದೆ.

ಆಮೇಲೆ, ತಿಜೋರಿಯಲ್ಲಿ ಇನ್ನೂರು ಖಾತೆಗಳಿದ್ದರೆ ಗಾಬರಿಯಲ್ಲಿರುವವರು ಎಲ್ಲಿಂದ ಶುರುಮಾಡಬೇಕು? ಒಂದು ‘ಸೆಕ್ಯೂರ್ ನೋಟ್’ ಬರೆಯಿರಿ. ಹೆಸರಿನ ಮುಂದೆ ಸೊನ್ನೆ ಅಂಕಿ ಹಾಕಿದರೆ ಪಟ್ಟಿಯ ಮೇಲ್ತುದಿಯಲ್ಲಿ ಕೂರುತ್ತದೆ. ಮಾವ ‘0 ಮೊದಲು ಇದನ್ನು ಓದು’ ಎಂದು ಹೆಸರಿಟ್ಟರು. ಯಾವ ಬ್ಯಾಂಕುಗಳಲ್ಲಿ ಖಾತೆ, ಎಲ್ಲಿ ಎಫ್‌ಡಿ, ಎಲ್ಐಸಿ ಕಂತು ಯಾವ ತಿಂಗಳು, ಮೆಸ್ಕಾಂ ಬಿಲ್ ಯಾವ ಖಾತೆಯಿಂದ ಕಟ್ಟಾಗುತ್ತದೆ, ಯಾರಿಗೆ ಎಷ್ಟು ಸಾಲ ಕೊಟ್ಟಿದ್ದೇನೆ, ಆಡಿಟರ್ ಯಾರು, ಎಲ್ಲ ಒಂದೇ ಕಡೆ. ನಲವತ್ತು ಸಾಲು ಬರೆಯಲು ಅವರಿಗೆ ಒಂದು ಸಂಜೆ ಹಿಡಿಯಿತು. ಬರೆದದ್ದನ್ನು ಓದಿದ ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಅದರಲ್ಲಿದ್ದ ಅರ್ಧದಷ್ಟು ಸಂಗತಿ ಅವರಿಗೆ ಮೂವತ್ತೆಂಟು ವರ್ಷದ ದಾಂಪತ್ಯದಲ್ಲಿ ಗೊತ್ತೇ ಇರಲಿಲ್ಲ.

ಒಂದು ದಿನವೂ ಕಾಯಲಾಗದ್ದನ್ನು ಈ ಏರ್ಪಾಟಿಗೆ ಬಿಡಬೇಡಿ. ಆರೋಗ್ಯ ವಿಮೆಯ ಕಾರ್ಡ್, ಆಧಾರ್ ಪ್ರತಿ, ದಿನವೂ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ಇವೆಲ್ಲ ಈಗಲೇ ಸಂಗಾತಿಯ ಫೋನಿನಲ್ಲೂ ಬೀರುವಿನಲ್ಲೂ ಇರಲಿ.

ಪಾಸ್‌ವರ್ಡ್ ಇದ್ದಮಾತ್ರಕ್ಕೆ ಹಕ್ಕು ಬರುವುದಿಲ್ಲ

ತೀರಿಕೊಂಡವರ ನೆಟ್‌ಬ್ಯಾಂಕಿಂಗ್‌ಗೆ ಲಾಗಿನ್ ಆಗಿ, ಯುಪಿಐ ಪಿನ್ ಒತ್ತಿ ಹಣ ವರ್ಗಾಯಿಸುವುದು ಹೆಂಡತಿ ಮಕ್ಕಳಿಗೂ ಸಲ್ಲದು. ಮುಂದೆ ದಾಯಾದಿಗಳ ನಡುವೆ ತಕರಾರು ಎದ್ದರೆ ಇದೇ ಕುತ್ತಿಗೆಗೆ ಬರುತ್ತದೆ. ಬ್ಯಾಂಕಿಗೆ ಮರಣ ಪ್ರಮಾಣಪತ್ರ ಕೊಟ್ಟು, ನಾಮಿನಿ ಅಥವಾ ವಾರಸುದಾರರ ಮೂಲಕ ಕ್ಲೇಮ್ ಮಾಡುವುದೇ ದಾರಿ. ತುರ್ತು ಪ್ರವೇಶ ಉಪಯೋಗಕ್ಕೆ ಬರುವುದು ಯಾವ ಬ್ಯಾಂಕಿಗೆ ಹೋಗಬೇಕು ಎಂದು ತಿಳಿಯಲು.

ಇದೇ ನೆಪದಲ್ಲಿ ನಾಮಿನಿ ಹೆಸರುಗಳನ್ನೂ ನೋಡಿಬಿಡಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ಮಾವನ ಒಂದು ಹಳೆಯ ಎಫ್‌ಡಿಯಲ್ಲಿ ನಾಮಿನಿ ಜಾಗದಲ್ಲಿ ತೀರಿಕೊಂಡ ಅಜ್ಜಿಯ ಹೆಸರೇ ಇತ್ತು. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ವಾರಸುದಾರರು ಆಮೇಲೂ ಕೇಳಿ ಪಡೆಯಬಹುದು. ಅಂಥವನ್ನು ಹುಡುಕಲು ರಿಸರ್ವ್ ಬ್ಯಾಂಕ್ 2023ರಲ್ಲಿ ‘ಉದ್ಗಮ್’ ಪೋರ್ಟಲ್ ತೆರೆದಿದೆ.

ಬಿಟ್‌ವಾರ್ಡನ್ ಬಳಸದವರು

ಒನ್‌ಪಾಸ್‌ವರ್ಡ್ ಎಂಬ ಇನ್ನೊಂದು ಪಾಸ್‌ವರ್ಡ್ ತಿಜೋರಿಯಲ್ಲಿ ‘ಎಮರ್ಜೆನ್ಸಿ ಕಿಟ್’ ಎಂಬ ಪಿಡಿಎಫ್ ಸಿಗುತ್ತದೆ. ಅದರಲ್ಲಿ ನಿಮ್ಮ 34 ಅಕ್ಷರದ ಸೀಕ್ರೆಟ್ ಕೀ, ಅಂದರೆ ಪಾಸ್‌ವರ್ಡ್ ಜೊತೆಗೆ ಬೇಕಾಗುವ ಗುಟ್ಟಿನ ಕೀಲಿ, ಇರುತ್ತದೆ. ಅದನ್ನು ಮುದ್ರಿಸಿ, ಪಾಸ್‌ವರ್ಡ್ ಕೈಯಿಂದ ಬರೆದು, ಮೊಹರು ಮಾಡಿದ ಲಕೋಟೆಯಲ್ಲಿ ಲಾಕರ್‌ಗೆ ಹಾಕಿ. ತಿಜೋರಿಯನ್ನು ಒಂದು ಫೈಲಾಗಿ ಇಡುವ ಕೀಪಾಸ್ ಬಳಸುವವರು ಆ ಫೈಲಿನ ಒಂದು ಪ್ರತಿಯನ್ನೂ ಪಾಸ್‌ವರ್ಡನ್ನೂ ಬೇರೆ ಬೇರೆ ಕಡೆ ಇಟ್ಟು, ಎರಡೂ ಎಲ್ಲಿವೆ ಎಂದು ಒಬ್ಬರಿಗೆ ಹೇಳಿರಬೇಕು. ಈ ಎರಡರಲ್ಲೂ ಕಾಯುವ ಅವಧಿಯ ಕಾವಲಿಲ್ಲ, ಲಕೋಟೆ ಒಡೆದವರಿಗೆ ಎಲ್ಲವೂ ಕಾಣುತ್ತದೆ.

ಗೂಗಲ್‌ನ ‘ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ನಲ್ಲಿ 3, 6, 12 ಅಥವಾ 18 ತಿಂಗಳು ಖಾತೆ ನಿಶ್ಚಲವಾಗಿದ್ದರೆ ಹತ್ತು ಜನರವರೆಗೆ ತಿಳಿಸಿ, ನೀವು ಆರಿಸಿದ ಮಾಹಿತಿ ಕೊಡುವ ಏರ್ಪಾಟಿದೆ. ಫೋಟೊ, ಇಮೇಲ್‌ಗಳಿಗಾಗಿ ಅದನ್ನು ಮಾಡಿಡಿ, ಆಸ್ಪತ್ರೆಯ ತುರ್ತಿಗೆ ಅದು ಆಗಿಬರುವುದಿಲ್ಲ. ಐಫೋನ್‌ನ ‘ಲೆಗಸಿ ಕಾಂಟ್ಯಾಕ್ಟ್’ ಐಓಎಸ್ 15.2ರಿಂದ ಇದೆ, ಐವರವರೆಗೆ ಸೇರಿಸಬಹುದು. ಅದು ತೆರೆಯುವುದು ಮರಣ ಪ್ರಮಾಣಪತ್ರ ಕೊಟ್ಟ ಮೇಲೆ, ಆಗಲೂ ಐಕ್ಲೌಡ್ ಕೀಚೈನ್‌ನಲ್ಲಿ, ಅಂದರೆ ಐಫೋನ್ ಉಳಿಸಿಟ್ಟುಕೊಳ್ಳುವ ಜಾಗದಲ್ಲಿ, ಇರುವ ಪಾಸ್‌ವರ್ಡ್‌ಗಳು ಸಿಗುವುದಿಲ್ಲ. ‘ಐಫೋನ್‌ನಲ್ಲಿ ಎಲ್ಲ ಸೇವ್ ಆಗಿದೆ’ ಎಂದು ನಿಶ್ಚಿಂತೆಯಿಂದಿರುವವರು ಇದನ್ನು ತಿಳಿದಿರಬೇಕು.

ವರ್ಷಕ್ಕೊಮ್ಮೆ

ಸಂಬಂಧ ಬದಲಾದರೆ ಸಂಪರ್ಕವೂ ಬದಲಾಗಬೇಕು. ಮೂರು ಚುಕ್ಕಿಯೊಳಗಿನ ‘ರಿಮೂವ್’ ಒತ್ತಿದರೆ ಸಾಕು, ಹೆಸರು ಹೋಗುತ್ತದೆ. ವಿಚ್ಛೇದನ, ಆಸ್ತಿ ವಿಭಾಗದ ಜಗಳ, ಸಂಪರ್ಕದವರ ಇಮೇಲ್ ಕಳವು, ಇವುಗಳಲ್ಲಿ ಯಾವುದೇ ಆದರೂ ಅದೇ ದಿನ ತೆಗೆಯಿರಿ. ಪ್ರವೇಶ ಕೋರಿಕೆಯ ಇಮೇಲ್ ನಿಮಗೆ ತಪ್ಪದೆ ಕಾಣಬೇಕು, ಬಿಟ್‌ವಾರ್ಡನ್‌ನ ವಿಳಾಸವನ್ನು ಸ್ಪ್ಯಾಮ್‌ಗೆ ಹೋಗದಂತೆ ಗುರುತು ಮಾಡಿಟ್ಟುಕೊಳ್ಳಿ.

ಮಾವನ ಮನೆಯಲ್ಲಿ ಇದಕ್ಕೆ ಯುಗಾದಿಯ ಮಧ್ಯಾಹ್ನ ನಿಗದಿಯಾಗಿದೆ. ಹೊಸ ಪಂಚಾಂಗ ಬಂದ ದಿನವೇ ಅತ್ತೆ ಲಕೋಟೆ ತೆಗೆದು, ಕಾಗದ ನೋಡಿಕೊಂಡು ಲಾಗಿನ್ ಆಗಿ, ಪ್ರವೇಶ ಕೇಳುತ್ತಾರೆ. ಮಾವ ಪಕ್ಕದಲ್ಲಿ ಕೂತು ‘0 ಮೊದಲು ಇದನ್ನು ಓದು’ ತೆರೆದು ವರ್ಷದಲ್ಲಿ ಬದಲಾದ ಸಾಲುಗಳನ್ನು ತಿದ್ದುತ್ತಾರೆ. ಈ ಸಲ ತಿದ್ದಿದ್ದು ಆರು ಸಾಲು.